ಫೇಲ್ ಆಗುವವರೆಗೆ

ಜೂನ್ ೨, ಸೋಮವಾರ

ಚಿಕ್ಕಮ್ಮ,

ನಿನ್ನ ಬಲಗಾಲಿನ ಹೆಬ್ಬೆರಳಿನೊಳಗೆ ಫೇಲ್ ಆದ ಸ್ಕ್ರೂಗಳನ್ನು ಇಟ್ಟು ಹೊಲಿದಿದ್ದಾರೆ. ಗೊತ್ತಿದ್ದೇ ಇಟ್ಟಿದ್ದಾರೆ. ನಮ್ಮ ಲ್ಯಾಬಿನ ಗೋಡೆಯ ಮೇಲೆ ಕಪ್ಪು ಅಕ್ಷರದಲ್ಲಿ ಅಂಟಿಸಿದ್ದಾರೆ, ನಾನು ಕಣ್ಣಾರೆ ಓದಿದೆ.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆಂದು ನಿನಗೆ ಸರಿಯಾಗಿ ಹೇಳಿರಲಿಲ್ಲ. ಕಾಲಿನ ಕೀಲು ಸವೆದವರಿಗೆ ಎರಡು ಮೂಳೆಗಳನ್ನು ಸೇರಿಸಿ ಒಂದೇ ಮಾಡುತ್ತಾರಲ್ಲ, ಆ ಸೇರುವೆಯನ್ನು ಹಿಡಿದಿಡುವ ಸ್ಕ್ರೂ ಮತ್ತು ಲೋಹದ ಪಟ್ಟಿಗಳು ಎಷ್ಟು ಗಟ್ಟಿ ಎಂದು ನೋಡುವುದು ನಮ್ಮ ಲ್ಯಾಬು. ಮೂಳೆ ನಿಜವಾದದ್ದಲ್ಲ. ಗಟ್ಟಿ ನೊರೆಯಂಥ ಪ್ಲಾಸ್ಟಿಕ್ಕಿನದು, ಬಣ್ಣ ರಸ್ಕಿನ ಹಾಗೆ. ನಾನು ಅಂಟುದ್ರವ ಕಲಸಿ, ಹೂಕುಂಡದಲ್ಲಿ ಗಿಡ ನೆಟ್ಟ ಹಾಗೆ ಆ ಮೂಳೆಯ ಒಂದು ತುದಿಯನ್ನು ನೆಡುತ್ತೇನೆ. ಇನ್ನೊಂದು ತುದಿ, ಅಂದರೆ ಹೆಬ್ಬೆರಳು, ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಯಂತ್ರ ಅದನ್ನು ಅಂಗಾಲಿನ ಕಡೆಯಿಂದ ಮೇಲಕ್ಕೆ ಒತ್ತುತ್ತದೆ. ಟಪ್ ಎಂದು ಸದ್ದಾದ ಮೇಲೆ ಚೂರುಗಳನ್ನು ಎತ್ತುವವಳೂ ನಾನೇ.

ಇವತ್ತು ಪರೀಕ್ಷೆಯ ಫಲಿತಾಂಶದ ಹೊಸ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಕತ್ತರಿಯ ಹಾಗೆ ಅಡ್ಡಡ್ಡ ಹಾಕಿದ ಎರಡು ಸ್ಕ್ರೂ. ಕಂಪನಿಯ ಹೆಸರನ್ನು ಎರಡು ಸಲ ಓದಿದೆ. ನಿನ್ನ ಡಿಸ್ಚಾರ್ಜ್ ಕಾಗದದ ಮೇಲೆ ಅಂಟಿಸಿದ್ದ ಚೀಟಿಯಲ್ಲಿದ್ದದ್ದು ಅದೇ ಹೆಸರು, ಅದೇ ಅಳತೆ. ಪ್ರತಿ ಸಾಲಿನ ಕೊನೆಯಲ್ಲೂ ಒಂದೇ ಮಾತು: ಫೇಲ್. ಫೇಲ್. ಫೇಲ್. ಒಂದೂ ಪಾಸಾಗಿಲ್ಲ! ಶಾಲೆಯಲ್ಲಿ ಒಂದು ವಿಷಯದಲ್ಲಿ ಫೇಲ್ ಆದರೆ ನಮ್ಮನ್ನು ಮುಂದಿನ ತರಗತಿಗೆ ಬಿಡುತ್ತಿರಲಿಲ್ಲ. ಎಲ್ಲದರಲ್ಲೂ ಫೇಲ್ ಆದ ಸ್ಕ್ರೂವನ್ನು ಮನುಷ್ಯರ ಕಾಲಿನೊಳಕ್ಕೆ ಬಿಡುತ್ತಾರೆ! ನಿಂತು ದುಡಿಯುವವರ ಕಾಲು ಎಂದರೆ ಇವರಿಗೆ ಅಷ್ಟು ಅಗ್ಗ!

ಕಾಲು ನೆಲಕ್ಕೆ ಇಡಬೇಡ. ಡಾಕ್ಟರ ಹತ್ತಿರ ಹೋಗಿ ಅದನ್ನು ತೆಗೆಸು. ನಾನು ಸುಮ್ಮನೆ ಕೂರುವವಳಲ್ಲ, ನಿನಗೆ ಗೊತ್ತು.

ನಿನ್ನ ಅಕ್ಕನ ಮಗಳು

*

ಜೂನ್ ೭, ಶನಿವಾರ

ನನ್ನ ಮುದ್ದಿನ ಕರಪತ್ರವೇ,

ನಿನಗೆ ಈ ಹೆಸರು ಇಟ್ಟದ್ದು ಎಷ್ಟು ಸರಿ ಎಂದು ನಿನ್ನ ಕಾಗದ ಓದಿ ಇನ್ನೊಮ್ಮೆ ಅನ್ನಿಸಿತು. ಉದ್ದಕ್ಕೂ ಕೂಗು. ಕೊನೆಯಲ್ಲಿ "ಒಗ್ಗಟ್ಟಾಗಿ ಬನ್ನಿ" ಎಂದು ಮಾತ್ರ ಬರೆದಿಲ್ಲ. ಚಿಕ್ಕಮ್ಮನ ನೋವು ಹೇಗಿದೆ ಎಂದು ಒಂದು ಸಾಲು ಕೇಳಿದ್ದೀಯಾ? ಹುಡುಕಿದೆ, ಸಿಗಲಿಲ್ಲ.

ಆದರೆ ಹೆದರಿದೆ ಕಣೇ. ಎರಡು ದಿನ ಮಂಚ ಬಿಟ್ಟು ಇಳಿಯಲಿಲ್ಲ. ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಅದನ್ನೇ ದಿಟ್ಟಿಸುತ್ತಾ ಕೂತಿದ್ದೆ, ಒಳಗಿಂದ ಟಪ್ ಎನ್ನುತ್ತದೋ ಏನೋ ಎಂದು. ಮೂರನೇ ದಿನ ಪಕ್ಕದ ಮನೆಯವಳ ಫೋನಿನಿಂದ ಆಸ್ಪತ್ರೆಗೆ ಮಾತಾಡಿದೆ. ಡಾಕ್ಟರು ಸಿಗಲಿಲ್ಲ. ಕೌಂಟರಿನವನು, "ಅಮ್ಮಾ, ನಿಮ್ಮ ಹುಡುಗಿ ಓದಿದ್ದು ಏನೋ, ನೀವು ಕೇಳಿದ್ದು ಏನೋ. ಆರು ವಾರ ಮುಂಗಾಲು ಊರಬೇಡಿ, ಹಿಮ್ಮಡಿ ಮೇಲೆ ಓಡಾಡಿ, ಆಮೇಲೆ ಎಕ್ಸ್‌ರೇಗೆ ಬನ್ನಿ" ಎಂದು ಹೇಳಿ ಇಟ್ಟುಬಿಟ್ಟ.

ನನ್ನ ಫೋನು ಹೋದದ್ದು ನಿನಗೆ ಗೊತ್ತೇ ಇದೆ. ಬೆಡ್‌ಶೀಟಿನ ಗಂಟಿನೊಳಗೆ ಸಿಕ್ಕಿ ಲಾಂಡ್ರಿಯ ದೊಡ್ಡ ಡ್ರಮ್ಮಿನಲ್ಲಿ ಕುದಿನೀರಲ್ಲಿ ಮಿಂದು ಸತ್ತಿತು. ಶುಚಿಯಾಗಿ ಸತ್ತ ಫೋನು ಜಗತ್ತಿನಲ್ಲಿ ಅದೊಂದೇ ಇರಬೇಕು. ಹೊಸದು ಕೊಳ್ಳುವ ಮನಸ್ಸಿಲ್ಲ. ಫೋನಿನಲ್ಲಾದರೆ ನೀನು ಭಾಷಣ ಮಾಡುತ್ತೀಯ, ನಡುವೆ ಬಾಯಿ ಹಾಕಲು ಬಿಡುವುದಿಲ್ಲ. ಕಾಗದವಾದರೆ ನನ್ನ ಸರದಿ ನನಗೆ ಸಿಗುತ್ತದೆ.

ನಮ್ಮ ಲಾಂಡ್ರಿಯ ಮ್ಯಾನೇಜರು ನೋಡಿಕೊಂಡು ಹೋಗಲು ಬಂದಿದ್ದ. ಬಾಗಿಲಲ್ಲೇ ನಿಂತು, "ನಿಮ್ಮ ಪ್ರೆಸ್ಸು ಖಾಲಿ ಬಿದ್ದಿತ್ತು, ಹೊಸ ಹುಡುಗೀನ ನಿಲ್ಲಿಸಿದೀನಿ, ಕೈ ಕುದುರಿದ್ರೆ ಅವಳೇ ಇರ್ಲಿ ಅಂತ" ಎಂದ. ಆಯಿತು ಎಂದೆ. ಇನ್ನೇನು ಅನ್ನಲಿ? ಆ ಇಸ್ತ್ರಿ ಪ್ರೆಸ್ಸು ಬಂದ ದಿನದಿಂದ ನಾನೇ ಅದರ ಮುಂದೆ ನಿಂತವಳು. ಅದರ ಪೆಡಲ್ ಸ್ವಲ್ಪ ಎಡಕ್ಕೆ ವಾಲಿದೆ, ನನ್ನ ಪಾದಕ್ಕೆ ಮಾತ್ರ ಅದರ ಹದ ಗೊತ್ತು.

ಮತ್ತೆ ವಿಚಾರಿಸಿ ಬರೆ. ಈ ಸಲ ಸ್ವಲ್ಪ ಮೆಲ್ಲಗೆ.

ಚಿಕ್ಕಮ್ಮ

*

ಜೂನ್ ೧೧, ಬುಧವಾರ

ಚಿಕ್ಕಮ್ಮ,

ನಾನು ಪೆದ್ದಿ. ನಿನ್ನ ಎರಡು ದಿನದ ಮಂಚವಾಸಕ್ಕೆ ನಾನೇ ಕಾರಣ. ನಿನ್ನ ಸ್ಕ್ರೂಗಳಿಗೆ ಏನೂ ಆಗಿಲ್ಲ.

ನಡೆದದ್ದು ಇಷ್ಟು. ಯಂತ್ರ ನಡೆಸುವ ಇಂಜಿನಿಯರಮ್ಮನನ್ನು ಹಿಡಿದು ನಿಲ್ಲಿಸಿ ಕೇಳಿದೆ.

"ಮೇಡಂ, ಇವೆಲ್ಲಾ ಫೇಲ್ ಆಗಿವೆಯಲ್ಲ, ಇವನ್ನ ಮನುಷ್ಯರಿಗೆ ಹೆಂಗೆ ಹಾಕ್ತಾರೆ?"

"ಫೇಲ್ ಆಗ್ಲೇಬೇಕಲ್ಲಮ್ಮ! ಫೇಲ್ ಮಾಡೋಕೇ ತಾನೇ ನಮಗೆ ಸಂಬಳ?"

ನನ್ನ ಮುಖ ನೋಡಿ ಆಕೆಗೆ ಪಾಪ ಅನ್ನಿಸಿರಬೇಕು. ಕುರ್ಚಿ ಎಳೆದು ಕೂರಿಸಿ ಬಿಡಿಸಿ ಹೇಳಿದರು. ಇಲ್ಲಿ ಯಾವುದನ್ನೂ ಪಾಸು ಮಾಡಿ ಕಳಿಸುವುದಿಲ್ಲವಂತೆ. ಸ್ಕ್ರೂ ಕಿತ್ತುಬರುವವರೆಗೋ ಮೂಳೆ ಬಿರಿಯುವವರೆಗೋ ಒತ್ತುತ್ತಲೇ ಹೋಗುತ್ತಾರೆ. ಎಷ್ಟು ಭಾರಕ್ಕೆ ಕೈಬಿಟ್ಟಿತು ಎಂಬುದೇ ಅದರ ಬಲ. ಆ ಕ್ಷಣಕ್ಕೆ ಇಲ್ಲಿನವರು ಇಟ್ಟ ಹೆಸರು ಫೇಲ್. ಫೇಲ್ ಆಗದಿದ್ದರೆ ಪರೀಕ್ಷೆಯೇ ಮುಗಿದಿಲ್ಲ ಎಂದರ್ಥ. ನಾನು ಅದನ್ನು ಶಾಲೆಯ ಮಾರ್ಕ್ಸ್‌ಕಾರ್ಡಿನ ಹಾಗೆ ಓದಿದ್ದೆ.

ಈಗ ಒಳ್ಳೆಯ ಸುದ್ದಿ ಕೇಳು. ನಿನ್ನ ತರಹದ ಎರಡು ಸ್ಕ್ರೂ ಯಾವಾಗ ಕೈಬಿಟ್ಟವು ಗೊತ್ತಾ? ಮನೆಗೆ ತರಿಸುತ್ತೀಯಲ್ಲ ದೊಡ್ಡ ನೀರಿನ ಕ್ಯಾನ್, ಅಂಥದ್ದೊಂದು ತುಂಬಿದ ಕ್ಯಾನನ್ನು ಹೆಬ್ಬೆರಳ ತುದಿಗೆ ನೇತುಹಾಕಿದಷ್ಟು ಭಾರಕ್ಕೆ! ಬರೀ ಬೆರಳ ತುದಿಗೆ! ಅಷ್ಟು ಗಟ್ಟಿ. ಅದು ಕಬ್ಬಿಣವೂ ಅಲ್ಲವಂತೆ, ಟೈಟೇನಿಯಂ, ತುಕ್ಕು ಹಿಡಿಯುವ ಮಾತೇ ಇಲ್ಲ. ನಿನ್ನ ಹೆಬ್ಬೆರಳು ಈಗ ನಮ್ಮ ಮನೆತನದಲ್ಲೇ ಗಟ್ಟಿಯಾದ ಆಸ್ತಿ. ನಿರಾಳವಾಗಿರು.

ನನಗೆ ಇಲ್ಲಿ ಕೆಲಸದಲ್ಲಿ ಸಣ್ಣ ಬದಲಾವಣೆ ಆಗಿದೆ. ಹೇಳುವಂಥದ್ದೇನಲ್ಲ.

ನೋವು ಹೇಗಿದೆ? (ಕೇಳಿದೆ, ನೋಡು.)

ನಿನ್ನ ಕರಪತ್ರ

*

ಜೂನ್ ೧೪, ಶನಿವಾರ

ಕರಪತ್ರವೇ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಪಕ್ಕದ ಮನೆಯವಳಿಗೂ ಓದಿ ಹೇಳಿದೆ. ನೆನ್ನೆ ಮ್ಯಾನೇಜರು ಬಂದಿದ್ದ, ಅವನಿಗೂ ಓದಿ ಹೇಳಿದೆ. ಇನ್ನೊಂದು ಸಲ ಓದಿ ಎಂದು ಕೇಳಿಸಿಕೊಂಡ.

ನೋವು ಕಡಿಮೆ. ಹೊಲಿಗೆ ಬಿಚ್ಚಿ ಆಗಿದೆ. ಊತ ಸಂಜೆಗಷ್ಟೇ.

ಸುಮ್ಮನೆ ತಿಳಿಯಲಿಕ್ಕೆ ಕೇಳುತ್ತೇನೆ: ಆ ಕ್ಯಾನ್ ಪೂರ್ತಿ ತುಂಬಿದ್ದೋ, ಅರ್ಧವೋ? ಹೊಲಿಗೆ ಮಿಷನ್ನಿನದೋ, ಇನ್ಯಾವುದೋ ಪೆಡಲ್ ಒತ್ತಲು ಅಷ್ಟೆಲ್ಲ ಭಾರ ಬೇಕಾಗುವುದಿಲ್ಲ ಅಲ್ಲವೇ? ಕೂತು ಕೂತು ತಲೆಗೆ ಏನೇನೋ ಬರುತ್ತದೆ.

ಊಟ ಸರಿಯಾಗಿ ಮಾಡು.

ಚಿಕ್ಕಮ್ಮ

*

ಜೂನ್ ೨೦, ಶುಕ್ರವಾರ

ಚಿಕ್ಕಮ್ಮ,

ತಡವಾಯಿತು. ಕೆಲಸ ಮುಗಿದ ಮೇಲೆ ಓದುವ ಗುಂಪೊಂದಕ್ಕೆ ಹೋಗುತ್ತಿದ್ದೇನೆ. ದುಡಿಮೆಯ ಹೊತ್ತು, ವಿಶ್ರಾಂತಿಯ ಹಕ್ಕು ಎಂದು ಮೂರು ಹೊಸ ಪುಸ್ತಿಕೆ ಓದಿದೆ. ಒಂದೊಂದೂ ಕೈಯಗಲ ಇವೆ, ಆದರೆ ಓದಿದ ಮೇಲೆ ಕೂತಲ್ಲಿ ಕೂರಲಾಗುವುದಿಲ್ಲ. ನಿನ್ನಂಥವರನ್ನು ಇಡೀ ದಿನ ನಿಲ್ಲಿಸಿ ಕೆಲಸ ಮಾಡಿಸುವುದರಿಂದಲೇ ಬೆರಳಿನ ಕೀಲು ಸವೆದದ್ದು ಎಂದು ನಿನಗೆ ಯಾರಾದರೂ ಹೇಳಿದ್ದಾರಾ? ಕುಳಿತು ಮಾಡುವ ಪ್ರೆಸ್ಸುಗಳು ಜಗತ್ತಿನಲ್ಲಿ ಇವೆ. ನಿಮ್ಮ ಲಾಂಡ್ರಿಗೆ ಯಾಕೆ ಬರುವುದಿಲ್ಲ? ಕೇಳುವವರು ಇಲ್ಲ, ಅದಕ್ಕೆ! ನೀನು ಕೆಲಸಕ್ಕೆ ಮರಳುವ ದಿನ ನಾನೇ ಬಂದು ಆ ಮ್ಯಾನೇಜರನ್ನು ಕೇಳುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ: ಕ್ಯಾನ್ ಪೂರ್ತಿ ತುಂಬಿದ್ದು. ಪೆಡಲ್ ಒತ್ತುವುದು ಅದರ ಕಾಲುಭಾಗವೂ ಆಗಲಿಕ್ಕಿಲ್ಲ. ಹೊಲಿಗೆ ಕಲಿಯುವ ಯೋಚನೆಯೇ? ಒಳ್ಳೆಯದು, ಹೊತ್ತು ಹೋಗುತ್ತದೆ.

ಇಲ್ಲಿ ಹೊಸ ಪರೀಕ್ಷೆ ಶುರುವಾಗಿದೆ. ಮುಂಚಿನ ಹಾಗೆ ಒಂದೇ ಸಲ ಜೋರಾಗಿ ಒತ್ತುವುದಿಲ್ಲ. ಮೆತ್ತಗೆ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ಬೆಳಿಗ್ಗೆ ಬಂದಾಗಲೂ ಅದೇ, ಸಂಜೆ ಹೊರಡುವಾಗಲೂ ಅದೇ. ಗೋಡೆಯಾಚೆಯಿಂದ ಯಾರೋ ಕುಂಟುತ್ತಾ ಓಡಾಡಿದ ಹಾಗೆ ಕೇಳುತ್ತಿರುತ್ತದೆ. ಟಕ್, ಸುಯ್. ಟಕ್, ಸುಯ್. ತಲೆ ಕೆಡುತ್ತದೆ.

ನಿನ್ನ ಕರಪತ್ರ

*

ಜುಲೈ ೨, ಬುಧವಾರ

ಚಿಕ್ಕಮ್ಮ,

ನಿನ್ನ ಕಾಗದ ಬಂದಿಲ್ಲ. ಪಕ್ಕದ ಮನೆಯವರ ನಂಬರಿಗೆ ಮಾಡಿದೆ. "ಅವರು ಮನೇಲಿಲ್ಲಮ್ಮ, ಸಂಜೆ ಬರ್ತಾರೆ" ಎಂದರು. ಎಲ್ಲಿಗೆ ಹೋಗಿದ್ದಾರೆ ಎಂದರೆ, "ಅಯ್ಯೋ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಇಟ್ಟುಬಿಟ್ಟರು. ಮರುದಿನ ಮಾಡಿದರೆ ಮತ್ತೆ ಹಾಲು. ಆ ಮನೆಯಲ್ಲಿ ದಿನವಿಡೀ ಹಾಲು ಉಕ್ಕುತ್ತದಾ?

ಒಂದು ವಿಷಯ ಹೇಳಬೇಕು. ಬೇಗ ಹೇಳಬೇಕು.

ಆ ಹೊಸ ಪರೀಕ್ಷೆಯ ಮೂಳೆಗಳು ಮುಗಿದು ಬಂದವು. ಎತ್ತಿಡಲು ನನ್ನ ಕೈಗೆ ಕೊಟ್ಟರು. ನೋಡಿದರೆ ಒಂದೂ ಮುರಿದಿಲ್ಲ. ಮೇಲಿನಿಂದ ಎಲ್ಲ ನೆಟ್ಟಗಿವೆ. ನನಗೆ ಖುಷಿಯೇ ಆಯಿತು. ಸುಮ್ಮನೆ ಒಂದನ್ನು ತಿರುಗಿಸಿ ಅಂಗಾಲಿನ ಕಡೆ ನೋಡಿದೆ. ಕೀಲು ಬಾಯಿ ಬಿಟ್ಟಿತ್ತು. ಒಂದು ಪೋಸ್ಟ್‌ಕಾರ್ಡು ತೂರಿಸುವಷ್ಟು ಸಂದು. ಇನ್ನೊಂದು ತಿರುಗಿಸಿದೆ, ಅದೂ ಹಾಗೆಯೇ. ಮೇಲೊಂದು ಲೋಹದ ಪಟ್ಟಿಯನ್ನೂ ಕೂರಿಸಿದ್ದ ಮೂಳೆಗಳು ಬಿಗಿಯಾಗಿಯೇ ಇದ್ದವು. ಬರೀ ಎರಡು ಸ್ಕ್ರೂ ಹಾಕಿದ್ದವು, ಅಂದರೆ ನಿನ್ನವು, ಬಾಯಿ ಬಿಟ್ಟಿದ್ದವು.

ಇಂಜಿನಿಯರಮ್ಮನ ಹತ್ತಿರ ಓಡಿದೆ.

"ಇವು ಎಷ್ಟು ಭಾರಕ್ಕೆ ಹಿಂಗಾದ್ವು?"

"ಭಾರ ಏನಿಲ್ಲ. ಹೆಜ್ಜೆ ಇಟ್ಟಷ್ಟು."

"ಮತ್ತೆ ತುಂಬಿದ ಕ್ಯಾನು ತಡೀತಲ್ಲ ಅವತ್ತು?"

"ಅದು ಒಂದು ಸಲ ತಡೆಯೋದು. ಇದು ಮತ್ತೆ ಮತ್ತೆ ತಡೆಯೋದು. ಎರಡೂ ಬೇರೆ ಬಲ ಕಣಮ್ಮ. ಮುರಿದ್ರೆ ಗೊತ್ತಾದ್ರೂ ಆಗುತ್ತೆ. ಇದು ಸುಮ್ನೆ ಸಡಿಲ ಆಗ್ತಾ ಹೋಗುತ್ತೆ, ಮೇಲಿಂದ ಏನೂ ಕಾಣಲ್ಲ."

ಆಗ ನಿನ್ನ ಪ್ರಶ್ನೆ ನೆನಪಾಯಿತು. ಹೊಲಿಗೆ ಮಿಷನ್ನಿನದೋ, ಇನ್ಯಾವುದೋ. ಇಡೀ ಜನ್ಮದಲ್ಲಿ ನೀನು ಒಂದು ಗುಂಡಿ ಹೊಲಿದಿಲ್ಲ, ಚಿಕ್ಕಮ್ಮ. ನನ್ನ ಅಂಗಿಗೆ ಪಿನ್ ಚುಚ್ಚಿ ಶಾಲೆಗೆ ಕಳಿಸುತ್ತಿದ್ದವಳು ನೀನು.

ನೀನು ಕೆಲಸಕ್ಕೆ ಹೋಗುತ್ತಿದ್ದೀಯಾ? ಆರು ವಾರ ಮುಗಿದು ಎಕ್ಸ್‌ರೇ ಆಯಿತಾ? ಹೌದು ಅಥವಾ ಇಲ್ಲ, ಅಷ್ಟು ಬರೆ ಸಾಕು.

*

ಜುಲೈ ೫, ಶನಿವಾರ

ಕರಪತ್ರವೇ,

ಎಷ್ಟು ಗಾಬರಿ ನಿನಗೆ. ಡಾಕ್ಟರು ಊರಲ್ಲಿಲ್ಲ, ಎಕ್ಸ್‌ರೇ ಮುಂದಕ್ಕೆ ಹೋಗಿದೆ. ಕಾಲು ಚೆನ್ನಾಗಿದೆ. ಸೆಕೆ ಜೋರು. ಕಿಟಕಿಯ ಮೇಲೆ ಪಾರಿವಾಳ ಗೂಡು ಕಟ್ಟಿದೆ, ಓಡಿಸಲು ಮನಸ್ಸು ಬರಲಿಲ್ಲ.

ನನ್ನನ್ನು ಅಷ್ಟೆಲ್ಲ ಪ್ರಶ್ನೆ ಕೇಳುವವಳನ್ನು ನಾನೂ ಒಂದು ಕೇಳಲಾ? ಯಂತ್ರದ ಸದ್ದು "ಗೋಡೆಯಾಚೆಯಿಂದ" ಕೇಳುತ್ತದೆ ಎಂದು ಅದಕ್ಕೂ ಹಿಂದಿನ ಕಾಗದದಲ್ಲಿ ಬರೆದಿದ್ದೆಯಲ್ಲ. ಯಂತ್ರದ ಪಕ್ಕದಲ್ಲೇ ನಿಲ್ಲುತ್ತಿದ್ದವಳು ಗೋಡೆಯ ಈಚೆಗೆ ಬಂದದ್ದು ಹೇಗೆ? ಸಣ್ಣ ಬದಲಾವಣೆ ಅಂದರೆ ಇದೇನಾ? ಎಲ್ಲಿ ಕಾಲು ಕೆರೆದು ಜಗಳಕ್ಕೆ ಹೋದೆ?

ಹೊಸ ಹುಡುಗಿಯನ್ನು ನೋಡಿದರೆ ನಿನ್ನ ನೆನಪಾಗುತ್ತದೆ. ಅವಳಿಗೂ ಬಾಯಿ ಜೋರು, ಕೈ ಮೆತ್ತಗೆ. ದಿಂಬಿನ ಚೀಲದ ಮೂಲೆ ಎಳೆದು ಹಿಡಿ ಎಂದು ದಿನಾ ಹೇಳಿ ಹೇಳಿ ಸಾಕಾಗಿದೆ, ಸುಕ್ಕು ಹಾಗೇ ಕೂರುತ್ತದೆ.

ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ನೀನು ಇಂಥವನ್ನು ಕೂಡಿಡುತ್ತೀಯಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಹಂಚುತ್ತಾರೆ. ಮ್ಯಾನೇಜರು ಒಂದನ್ನು ತಂದು ನಮ್ಮ ಹಾಜರಿಯ ಪಂಚಿಂಗ್ ಮಿಷನ್ನಿನ ಮೇಲೆ ಅಂಟಿಸಿದ್ದಾನೆ.

ಚಿಕ್ಕಮ್ಮ

*

ಜುಲೈ ೮, ಮಂಗಳವಾರ

ಚಿಕ್ಕಮ್ಮ,

ಮನೆಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟು ಕೂತವಳಿಗೆ ಹೊಸ ಹುಡುಗಿಯ ದಿಂಬಿನ ಚೀಲದ ಸುಕ್ಕು ಹೇಗೆ ಕಂಡಿತು? ದಿನಾ ಹೇಗೆ ಹೇಳಿದೆ? ಪಂಚಿಂಗ್ ಮಿಷನ್ನಿನ ಮೇಲೆ ಅಂಟಿಸಿದ್ದು ನಿನಗೆ ಹೇಗೆ ಗೊತ್ತು?

ನೀನು ಕಳಿಸಿದ ಕಾಗದವನ್ನು ಬಿಡಿಸಿದೆ. ಆ ಸ್ಕ್ರೂ ಕಂಪನಿಯ ಕರಪತ್ರ. ನೀರಿನ ಹೊಂಡವನ್ನು ಹಾರಿ ದಾಟುತ್ತಿರುವ ಒಬ್ಬ ಗಂಡಸು, ಹಲ್ಲುಗಳೆಲ್ಲ ಕಾಣುವ ನಗು. "ಆಪರೇಷನ್ ಆದ ಮಾರನೆಯ ದಿನವೇ ನಿಮ್ಮ ಹೆಜ್ಜೆ!" ಪಕ್ಕದಲ್ಲಿ ಗುಡ್ಡದ ಹಾಗೆ ಏರುವ ಒಂದು ಗ್ರಾಫಿನ ಗೆರೆ. ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ ನಮ್ಮ ಲ್ಯಾಬಿನ ಹೆಸರು. ಅದನ್ನು ಹಿಡಿದುಕೊಂಡು ಇಂಜಿನಿಯರಮ್ಮನ ಮೇಜಿನ ಮುಂದೆ ನಿಂತೆ. ಆಕೆ ಆ ಗೆರೆಯ ಮೇಲೆ ಬೆರಳಿಟ್ಟರು.

"ಗೆರೆ ನಂದೇ. ಒಂದು ಸಲ ಒತ್ತಿದ್ದರದು. ಇದನ್ನ ನಡಿಗೆಗೆ ಲೆಕ್ಕ ಹಾಕ್ಬೇಡಿ ಅಂತ ಎರಡನೇ ಪುಟದಲ್ಲಿ ಬರ್ದಿದ್ದೆ."

"ಎರಡನೇ ಪುಟ ಎಲ್ಲಿ?"

"ಅದು ಕಂಪನಿಯವರಿಗೆ ಬೇಕಾಗ್ಲಿಲ್ಲ."

ನಾನು ಕರಪತ್ರಗಳನ್ನು ನಂಬಿ ಬೆಳೆದವಳು, ಚಿಕ್ಕಮ್ಮ. ಬಸ್ ಸ್ಟಾಂಡಿನಲ್ಲಿ ಕೈಗೆ ಸಿಕ್ಕಿದ್ದನ್ನು ನೀನು ಎಸೆಯುತ್ತಿದ್ದೆ, ನಾನು ಎತ್ತಿಕೊಂಡು ಓದುತ್ತಿದ್ದೆ. ಅಚ್ಚಾದದ್ದೆಲ್ಲ ಯಾರೋ ನಮ್ಮ ಒಳ್ಳೆಯದಕ್ಕೆ ಅಚ್ಚು ಹಾಕಿಸಿದ್ದು ಎಂದುಕೊಂಡಿದ್ದೆ. ಇದೂ ಅದೇ ಅಳತೆಯ ಕಾಗದ, ಅದೇ ಮಡಿಕೆ, ಕೊನೆಯಲ್ಲಿ ಅದೇ ಆಶ್ಚರ್ಯಸೂಚಕ ಚಿಹ್ನೆ. ಆಮೇಲೆ ಇನ್ನೊಂದು ಹೊಳೆಯಿತು, ಅಲ್ಲಿಂದ ಇಲ್ಲಿಯವರೆಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಜೂನ್ ಹನ್ನೊಂದರಂದು ನಾನು ನಿನಗೆ ಬರೆದದ್ದು ಇದನ್ನೇ. ತುಂಬಿದ ಕ್ಯಾನ್! ಗಟ್ಟಿ! ನಿರಾಳವಾಗಿರು! ನಾನೂ ಮೊದಲನೇ ಪುಟವನ್ನೇ ಕಳಿಸಿದೆ. ಪೆಡಲ್ ಬಗ್ಗೆ ನೀನು ಕೇಳಿದಾಗಲಾದರೂ ನಿಲ್ಲಬೇಕಿತ್ತು. ಕಾಲುಭಾಗವೂ ಆಗಲಿಕ್ಕಿಲ್ಲ ಎಂದು ಶ್ಲೇಷೆ ಮಾಡಿಕೊಂಡು ಪುಸ್ತಿಕೆ ಓದಲು ಹೋದೆ.

ನೀನು ಕೇಳಿದ್ದಕ್ಕೆ ಉತ್ತರ: ಇಂಜಿನಿಯರಮ್ಮನನ್ನು ಕೇಳುವ ಮೊದಲೇ ಒಂದು ನೋಟಿಸು ಬರೆದು ಲ್ಯಾಬಿನ ಹೊರಬಾಗಿಲಿಗೆ ಅಂಟಿಸಿದ್ದೆ. "ಎಚ್ಚರ! ಫೇಲ್ ಆದ ಸ್ಕ್ರೂ ಬಡವರ ಕಾಲಿಗೆ!" ದೊಡ್ಡವರು ಓದಿದರು. ನನ್ನನ್ನು ಸ್ಟೋರ್ ರೂಮಿಗೆ ಹಾಕಿದರು. ಮುಂದೇನು ಎಂದು ಈ ತಿಂಗಳ ಕೊನೆಗೆ ಹೇಳುತ್ತಾರಂತೆ. ಅದಕ್ಕೇ ಗೋಡೆಯ ಈಚೆ.

ಈಗ ನಿನ್ನ ಸರದಿ. ಅಂಗಾಲಿನ ಕಡೆ, ಹೆಬ್ಬೆರಳಿನ ಬುಡದಲ್ಲಿ, ನೋವಿದೆಯಾ? ಬಾಯಿ ಬಿಡು ಚಿಕ್ಕಮ್ಮ.

*

ಜುಲೈ ೧೧, ಶುಕ್ರವಾರ

ಮಗಳೇ,

ಜೂನ್ ಹದಿನಾರರಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ನಿನ್ನ ಆ ಕಾಗದ ಬಂದ ಮುಂದಿನ ಸೋಮವಾರದಿಂದ.

ಮ್ಯಾನೇಜರನ್ನು ಬೈದು ಹಗುರಾಗಬಹುದು. ಅವನು ನಿನ್ನ ಕಾಗದ ಕೇಳಿಸಿಕೊಂಡು, "ನಿಮ್ಮ ಹುಡುಗಿ ಅದೇ ಲ್ಯಾಬಲ್ಲಿ ಇರೋದು, ಅವಳೇ ಬರ್ದಿದಾಳಲ್ಲ. ಇನ್ಯಾರು ಹೇಳ್ಬೇಕು?" ಎಂದದ್ದು ನಿಜ. ಆದರೆ ಯಾರೂ ನನ್ನನ್ನು ಎತ್ತಿಕೊಂಡು ಹೋಗಲಿಲ್ಲ. ಆ ಸೋಮವಾರ ನಾನೇ ಚಪ್ಪಲಿ ಬಿಟ್ಟು ಬಟ್ಟೆಯ ಶೂ ಹಾಕಿಕೊಂಡು ಹೊರಟೆ. ಮನೆಯಲ್ಲಿ ಕೂತು ನನ್ನ ಕಾಲನ್ನೇ ನೋಡಿ ನೋಡಿ ಹುಚ್ಚು ಹಿಡಿದಂತಾಗಿತ್ತು. ಲಾಂಡ್ರಿಯಲ್ಲಿ ಹಬೆ ಇದೆ, ಜನ ಇದ್ದಾರೆ, ನನ್ನ ಕೈಯಿಂದ ಬಿಳಿಯಾಗಿ ಬಿಸಿಯಾಗಿ ಹೊರಬರುವ ಹಾಸಿಗೆ ಬಟ್ಟೆ ಇದೆ. ಇಲ್ಲಿ ಏನಿದೆ? ಪಾರಿವಾಳ. ನನ್ನ ಪ್ರೆಸ್ಸಿನ ಮುಂದೆ ಬೇರೊಬ್ಬಳು ನಿಂತಿದ್ದಾಳೆ ಎಂದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ನೀನು ಹಕ್ಕು ಎನ್ನುತ್ತೀಯಲ್ಲ, ನನಗೆ ಅದೊಂದೇ ಹಕ್ಕಿನ ಜಾಗ.

ಮೊದಲ ವಾರ ಏನೂ ಆಗಲಿಲ್ಲ. ಗೆದ್ದೆ ಅಂದುಕೊಂಡೆ. ಎರಡನೇ ವಾರ ಪೆಡಲ್ ಒತ್ತಿದಾಗ ಒಳಗೆ ಸಣ್ಣಗೆ ಏನೋ ಸರಿದ ಹಾಗೆ. ಸದ್ದಲ್ಲ, ಸರಿದಾಟ. ಈಗ ಅಂಗಾಲಿನ ಕಡೆ, ನೀನು ಹೇಳಿದ ಜಾಗದಲ್ಲೇ, ಬೆಂಕಿಯ ಕಡ್ಡಿ ಇಟ್ಟ ಹಾಗೆ ಉರಿಯುತ್ತದೆ. ಪಕ್ಕದಲ್ಲಿ ಚರ್ಮದ ಕೆಳಗೆ ಒಂದು ಗಂಟು ಕೈಗೆ ಸಿಗುತ್ತದೆ, ಸ್ಕ್ರೂವಿನ ತಲೆಯೇ ಇರಬೇಕು. ಎಡಗಾಲಿನಿಂದ ಒತ್ತಲು ನೋಡಿದೆ. ಆ ಪೆಡಲ್ ಅದಕ್ಕೆ ಒಗ್ಗುವುದಿಲ್ಲ. ಹೊಸ ಹುಡುಗಿ ಎರಡು ದಿನದಿಂದ ನನ್ನ ಪಕ್ಕ ಬಂದು ನಿಂತು, ಏನೂ ಕೇಳದೆ, ತನ್ನ ಕಾಲಿನಿಂದ ನನ್ನ ಪೆಡಲ್ ಒತ್ತುತ್ತಾಳೆ. ನಾನು ಬಟ್ಟೆ ಎಳೆದು ಹಿಡಿಯುತ್ತೇನೆ. ಅವಳನ್ನು ಬೈದದ್ದಕ್ಕೆ ಈಗ ನಾಚಿಕೆ.

ಪಕ್ಕದ ಮನೆಯವಳಿಗೆ ಹಾಲಿನ ನೆಪ ಹೇಳಿಕೊಟ್ಟವಳು ನಾನೇ. ಡಾಕ್ಟರು ಊರಲ್ಲೇ ಇದ್ದಾರೆ. ಎಕ್ಸ್‌ರೇಗೆ ಕರೆದಿದ್ದರು, ಹೋಗಲಿಲ್ಲ. ಹೋದರೆ ಮತ್ತೆ ಕೊಯ್ಯುತ್ತಾರೆ ಎಂದು ಭಯ. ಹೋಗದಿದ್ದರೆ ಏನೂ ಆಗಿಲ್ಲ ಎಂದು ಅಂದುಕೊಂಡಿರಬಹುದಲ್ಲ.

ನಿನ್ನನ್ನು ದೂರುತ್ತಿಲ್ಲ. ನೀನು ಬರೆಯದಿದ್ದರೂ ನಾನು ಇನ್ನೊಂದು ನೆಪ ಹುಡುಕುತ್ತಿದ್ದೆ.

ಒಂದು ಮಾತು ನಿಜ ಹೇಳು. ಸಮಾಧಾನಕ್ಕೆ ಬೇಡ. ಫೇಲ್ ಆಗಿದೆಯಾ?

ಚಿಕ್ಕಮ್ಮ

*

ಜುಲೈ ೧೪, ಸೋಮವಾರ

ಚಿಕ್ಕಮ್ಮ,

ಗೊತ್ತಿಲ್ಲ.

ಕರಪತ್ರದಲ್ಲಿ ಬರೆಯಲು ಬಾರದ ಮಾತು ಇದೊಂದೇ ಇರಬೇಕು, ನನಗೂ ಬರೆದು ಅಭ್ಯಾಸವಿಲ್ಲ. ಗೊತ್ತಿರುವಷ್ಟನ್ನು ಎರಡೂ ಪುಟ ಸೇರಿಸಿ ಬರೆಯುತ್ತೇನೆ.

ನಿನ್ನ ಕಾಗದವನ್ನು ಇಂಜಿನಿಯರಮ್ಮನಿಗೆ ತೋರಿಸಿದೆ. ಸ್ಕ್ರೂ ಸಡಿಲಾಗಿರಬಹುದು ಎಂದರು. ಮತ್ತೆ ಕೊಯ್ಯಬೇಕಾಗಲೂಬಹುದು. ಇದು ಒಂದು ಪುಟ. ಇನ್ನೊಂದು ಇದು: ಸ್ಟೋರಿನ ಕಪಾಟಿನಲ್ಲಿರುವ ಆ ಮೂಳೆಗಳು ಪ್ಲಾಸ್ಟಿಕ್ಕಿನವು. ಎಷ್ಟು ದಿನ ಇಟ್ಟರೂ ಒಂದಕ್ಕೊಂದು ಬೆಸೆಯುವುದಿಲ್ಲ. ನಮ್ಮ ಯಂತ್ರ ಅಳೆಯುವುದು ಸ್ಕ್ರೂವಿನ ಹಟವನ್ನು ಮಾತ್ರ. "ನಿನ್ನ ಚಿಕ್ಕಮ್ಮನ ಮೂಳೆ ಸುಮ್ನೆ ಕೂತಿರಲ್ಲ, ಕೂಡ್ಕೊಳ್ಳೋಕೆ ನೋಡ್ತಾ ಇರುತ್ತೆ. ಕೂಡೋವರೆಗೂ ಹಿಡಿದಿಟ್ರೆ ಸ್ಕ್ರೂ ಕೆಲಸ ಮುಗೀತು. ಎಷ್ಟು ಕೂಡಿದೆ ಅಂತ ಎಕ್ಸ್‌ರೇನೇ ಹೇಳ್ಬೇಕು, ನಾನಲ್ಲ, ನೀನಲ್ಲ" ಎಂದರು. ಅಲ್ಲಿಯವರೆಗೆ ಒಂದು ಸಲವೂ ಒತ್ತಬಾರದು. ಎಡಗಾಲಿನಲ್ಲೂ ಬೇಡ, ಬಲಗಾಲು ಆಗ ನಿನ್ನ ಭಾರವನ್ನೆಲ್ಲ ಹೊರುತ್ತದೆ. ಹಿಮ್ಮಡಿಯ ಮೇಲೆ ನಡೆ. ಪ್ರೆಸ್ಸಿನ ಮುಂದೆ ಆ ಹುಡುಗಿ ನಿಲ್ಲಲಿ. ಅವಳು ನಿನ್ನ ಜಾಗ ಕಸಿಯುವವಳಲ್ಲ ಎಂದು ನಿನ್ನ ಕಾಗದದಲ್ಲೇ ಇದೆ, ಓದಿಕೋ.

ಕಿತ್ತುಹೋದ ಎರಡನೇ ಪುಟವನ್ನು ಇಂಜಿನಿಯರಮ್ಮ ಮತ್ತೆ ಅಚ್ಚು ತೆಗೆದು ಕೆಳಗೆ ಸಹಿ ಹಾಕಿ ಕೊಟ್ಟರು. ಕೊಡುವ ಮೊದಲು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಆಕೆಗೂ ಮೇಲೆ ದೊಡ್ಡವರಿದ್ದಾರೆ. ಒಂದು ಪ್ರತಿ ಡಾಕ್ಟರಿಗೆ, ಒಂದು ಆ ಕೌಂಟರಿಗೆ, ಒಂದು ನಿಮ್ಮ ಪಂಚಿಂಗ್ ಮಿಷನ್ನಿನ ಪಕ್ಕಕ್ಕೆ. ಅಂಟಿಸುವ ಮೊದಲು ಈ ಸಲ ಕೇಳಿಯೇ ಅಂಟಿಸುತ್ತೇನೆ. ಕೂತು ಮಾಡುವ ಪ್ರೆಸ್ಸಿನ ಮಾತನ್ನು ಮ್ಯಾನೇಜರಿಗೆ ಹೇಳುವವಳು ನೀನು. ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ರಜೆ ಕೇಳಿದೆ. ಕೊಡುವುದಿಲ್ಲ ಎಂದರು, ಹೋಗುತ್ತೇನೆ ಎಂದೆ. ಆಸ್ಪತ್ರೆಗೆ ಮಾತಾಡಿ ನಿನ್ನ ಹೆಸರು ಬರೆಸಿದ್ದೇನೆ. ಈ ಕಾಗದ ತ್ವರಿತ ಅಂಚೆಯಲ್ಲಿ ಬುಧವಾರ ನಿನ್ನ ಕೈ ಸೇರುತ್ತದಂತೆ. ಪಕ್ಕದ ಮನೆಯವರಿಗೂ ಫೋನ್ ಮಾಡಿ ಹೇಳಿದ್ದೇನೆ. ಹಾಲು ಉಕ್ಕಿದರೆ ಉಕ್ಕಲಿ, ಪೂರ್ತಿ ಕೇಳಿಸಿಕೊಳ್ಳಿ ಎಂದೆ. ಭಯವಾದರೆ ಭಯದ ಜೊತೆಯಲ್ಲೇ ಬಾ. ನನಗೂ ಭಯ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂರೋಣ. ನಿನ್ನ ಕಾಲನ್ನು ನನ್ನ ಮಡಿಲ ಮೇಲೆ ಇಡು. ನಾನು ಭಾಷಣ ಮಾಡುವುದಿಲ್ಲ.

ಗುರುವಾರ, ಜುಲೈ ೧೭, ಬೆಳಿಗ್ಗೆ ಹತ್ತು ಗಂಟೆ, ಎಕ್ಸ್‌ರೇ ಕೊಠಡಿಯ ಹೊರಗಿನ ಬೆಂಚು.